ಹಳೆಯ ಕಾರಿನ ಸ್ಟಿಯರಿಂಗ್: ಕೂಲಿಯಲ್ಲಿ ಉಳಿಸೋಣ, ಮಾಲಿನಲ್ಲಿ ಬೇಡ

ಹೊಸಪೇಟೆಯ ಮಾರುಕಟ್ಟೆ ಬೀದಿಗಳಲ್ಲಿ ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಅಂಗಡಿಗಳ ಮುಂದೆ ನಿಂತಿರುವ ವಾಹನಗಳನ್ನೊಮ್ಮೆ ಅವಲೋಕಿಸಿದರೆ ನಮ್ಮ ವರ್ತಕ ಸಮುದಾಯದ ಮಿತವ್ಯಯ ಕಣ್ಣಿಗೆ ಕಟ್ಟುತ್ತದೆ. ಹದಿನೈದು, ಇಪ್ಪತ್ತು, ಕೆಲವೊಮ್ಮೆ ಇಪ್ಪತ್ತೈದು ವರ್ಷ ದಾಟಿದ ಮಾರುತಿ 800, ಓಮ್ನಿ, ಜೀಪು, ಅಲ್ಲೊಂದು ಇಲ್ಲೊಂದು ಅಂಬಾಸಿಡರ್ ಇಂದಿಗೂ ಅಂಗಡಿಯ ಸರಕನ್ನೂ ಮನೆಯ ಮಂದಿಯನ್ನೂ ಹೊತ್ತು ತಿರುಗುತ್ತಿವೆ. ಅಂಬಾಸಿಡರ್ ಹಾಗೂ ಮಾರುತಿ 800 ಇವೆರಡರ ತಯಾರಿಕೆಯೂ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಕಾರ್ಖಾನೆ ಕೈಬಿಟ್ಟರೂ ಮಾಲೀಕರು ಕೈಬಿಟ್ಟಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹಾಕಿದ ಬಂಡವಾಳವನ್ನು ಪೂರ್ತಿಯಾಗಿ ದುಡಿಸಿಕೊಳ್ಳುವುದು ವ್ಯಾಪಾರದ ಮೊದಲ ಪಾಠವೇ ಆಗಿದೆ.

ಆದರೆ ಈ ಮಿತವ್ಯಯಕ್ಕೆ ಒಂದು ಕುರುಡು ಜಾಗವಿದೆ. ಎಂಜಿನ್ನಿನ ಸದ್ದು ಬದಲಾದರೆ ಮಾಲೀಕನಿಗೆ ತಕ್ಷಣ ತಿಳಿಯುತ್ತದೆ. ಬ್ಯಾಟರಿ ಯಾವ ತಿಂಗಳಲ್ಲಿ ಹಾಕಿಸಿದ್ದು, ಟೈರು ಎಷ್ಟು ಸಾವಿರ ಕಿಲೋಮೀಟರ್ ಓಡಿದೆ ಎಂಬುದು ಆತನಿಗೆ ಬಾಯಿಪಾಠ. ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್, ಚಕ್ರವನ್ನು ಹಿಡಿದಿರುವ ಬಾಲ್ ಜಾಯಿಂಟ್ ಇವುಗಳ ವಯಸ್ಸೆಷ್ಟು ಎಂದು ಕೇಳಿದರೆ ಮಾತ್ರ ಉತ್ತರವಿರುವುದಿಲ್ಲ. ಎಂಜಿನ್ ಕೆಟ್ಟರೆ ವಾಹನ ನಿಂತುಬಿಡುತ್ತದೆ. ಸ್ಟಿಯರಿಂಗ್ ಕೆಟ್ಟರೆ ವಾಹನ ನಿಲ್ಲುವುದಿಲ್ಲ, ತನಗೆ ತೋಚಿದ ಕಡೆಗೆ ಹೋಗುತ್ತದೆ. ಅಪಾಯವಿರುವುದು ಅಲ್ಲಿಯೇ.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ: ಸವೆದ ಸ್ಟಿಯರಿಂಗ್ ಭಾಗಗಳನ್ನು ಮನೆಯಲ್ಲೇ ಪರೀಕ್ಷಿಸುವುದು ಪ್ರತಿಯೊಬ್ಬ ಮಾಲೀಕನ ಕರ್ತವ್ಯ, ಕೆಲವನ್ನು ಮನೆಯಲ್ಲೇ ಬದಲಾಯಿಸುವುದು ಸಾಧ್ಯ ಮತ್ತು ಯೋಗ್ಯ. ಆದರೆ ಹಾಗೆ ಮಾಡುವಾಗ ಉಳಿತಾಯವನ್ನು ಕೂಲಿಯಲ್ಲಿ ಮಾಡಬೇಕೇ ಹೊರತು ಮಾಲಿನಲ್ಲಿ ಮಾಡಬಾರದು. ಈ ಮಾತಿನ ಎರಡನೆಯ ಅರ್ಧವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ಸ್ವಂತ ಅನುಭವ

ನನ್ನದು ಅಕ್ಕಿ ಗಿರಣಿಗಳಿಗೆ ಬೇಕಾಗುವ ಜರಡಿ, ಬಕೆಟ್ಟು, ಶಾಫ್ಟುಗಳನ್ನು ತಯಾರಿಸುವ ಸಣ್ಣ ಘಟಕ. ಕಂಪ್ಲಿ ಹಾಗೂ ಗಂಗಾವತಿಯ ಗಿರಣಿಗಳಿಗೆ ವಾರಕ್ಕೆರಡು ಬಾರಿಯಾದರೂ ಹೋಗಿಬರಬೇಕಾಗುತ್ತದೆ. ಅದಕ್ಕಾಗಿ 1999ರಲ್ಲಿ ನೋಂದಣಿಯಾದ ಮಾರುತಿ 800 ಕಾರೊಂದನ್ನು ಇಟ್ಟುಕೊಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಅದರ ಸ್ಟಿಯರಿಂಗ್ ಅಲುಗಾಡತೊಡಗಿದಾಗ ಎಡಗಡೆಯ ಟೈ ರಾಡ್ ಎಂಡ್ ಸವೆದಿರುವುದು ತಿಳಿಯಿತು. ಅಂಗಡಿಯಲ್ಲಿ ಎರಡು ಬಗೆಯ ಮಾಲು ತೋರಿಸಿದರು. ಒಂದು ಹೆಸರುವಾಸಿ ತಯಾರಕರದ್ದು, ಬಿಲ್ಲು ಸಹಿತ. ಇನ್ನೊಂದು ಅದರ ಅರ್ಧ ಬೆಲೆಯದು, ಡಬ್ಬಿಯ ಮೇಲೆ ತಯಾರಕರ ವಿಳಾಸವಿಲ್ಲ, ಬಿಲ್ಲಿನ ಮಾತೂ ಇಲ್ಲ. ಹಳೆಯ ಕಾರಿಗೆ ಇಷ್ಟು ಸಾಕೆಂದು ನಾನು ಎರಡನೆಯದನ್ನು ಆರಿಸಿಕೊಂಡೆ. ಅಂಗಡಿಯವರು ನನ್ನನ್ನು ಮೋಸಗೊಳಿಸಲಿಲ್ಲ. ನಾನೇ ಮೋಸಹೋಗಲು ಸಿದ್ಧನಾಗಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಾಲ್ಕು ತಿಂಗಳು ಕಳೆದಿರಬಹುದು. ಕಮಲಾಪುರ, ಬುಕ್ಕಸಾಗರ ದಾಟಿ ಕಂಪ್ಲಿ ತಲುಪಿ ಗಿರಣಿಯೊಂದರ ಅಂಗಳಕ್ಕೆ ಕಾರನ್ನು ತಿರುಗಿಸುತ್ತಿದ್ದಾಗ ಕೆಳಗೆ ‘ಟಕ್’ ಎಂಬ ಸದ್ದಾಯಿತು. ಸ್ಟಿಯರಿಂಗ್ ಬಲಕ್ಕೆ ತಿರುಗಿತು, ಬಲಚಕ್ರ ತಿರುಗಿತು. ಎಡಚಕ್ರ ಮಾತ್ರ ತನ್ನ ದಾರಿ ಹಿಡಿದು ಹೊರಕ್ಕೆ ವಾಲಿತು. ನಡೆಯುವ ವೇಗದಲ್ಲಿದ್ದುದರಿಂದ ಕಾರು ಗೇಟಿನ ಕಂಬಕ್ಕೆ ತಾಗಿ ನಿಂತಿತು. ಹತ್ತು ನಿಮಿಷ ಮೊದಲು ಇದೇ ಕಾರು ಕಾಲುವೆಯ ಏರಿಯ ಪಕ್ಕದ ರಸ್ತೆಯಲ್ಲಿ ಅರವತ್ತರ ವೇಗದಲ್ಲಿತ್ತು. ನನ್ನ ಜೊತೆಯಲ್ಲಿ ನಮ್ಮ ಘಟಕದ ಫಿಟ್ಟರ್ ಇದ್ದರು. ಅವರಿಗೆ ಇಬ್ಬರು ಸಣ್ಣ ಮಕ್ಕಳು. ಆ ಹತ್ತು ನಿಮಿಷವನ್ನು ನೆನೆದರೆ ಇಂದಿಗೂ ಮೈ ಬೆವರುತ್ತದೆ.

ಮರುದಿನ ಆ ಮುರಿದ ಜಾಯಿಂಟನ್ನು ಘಟಕದಲ್ಲಿ ಸೀಳಿ ನೋಡಿದೆವು. ಒಳ್ಳೆಯ ಜಾಯಿಂಟಿನಲ್ಲಿ ಉಕ್ಕಿನ ಗುಂಡು ಕನ್ನಡಿಯಂತೆ ನುಣುಪಾಗಿರುತ್ತದೆ. ಅದು ಕೂರುವ ಬಟ್ಟಲು ಗಟ್ಟಿಯಾದ ವಿಶೇಷ ಪ್ಲಾಸ್ಟಿಕ್ಕಿನದಾಗಿದ್ದು, ಗುಂಡನ್ನು ಎಲ್ಲ ಕಡೆಯಿಂದಲೂ ಸಮನಾಗಿ ಅಪ್ಪಿಕೊಂಡಿರುತ್ತದೆ. ನಮ್ಮ ಕೈಯಲ್ಲಿದ್ದ ಗುಂಡಿನ ಮೇಲೆ ಉಗುರಾಡಿಸಿದರೆ ಲೇತ್ ಯಂತ್ರದ ಗೆರೆಗಳು ತಗಲುತ್ತಿದ್ದವು. ಆ ಗೆರೆಗಳು ಅರದಂತೆ ಬಟ್ಟಲನ್ನು ತಿಂದುಹಾಕಿದ್ದವು. ಗುಂಡು ಹೊರಬಾರದಂತೆ ಮಡಿಚಬೇಕಾದ ಲೋಹದ ಅಂಚು ತೆಳುವಾಗಿ ಬಿಚ್ಚಿಕೊಂಡಿತ್ತು. ಫಿಟ್ಟರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಸಾವುಕಾರ್ರೇ, ಇದನ್ನ ಮಾಡಿದವ್ನೂ ನಮ್ಮಂಗೆ ಲೇತ್ ಮುಂದೆ ನಿಂತವ್ನೇ ಇರ್ಬೇಕು ನೋಡ್ರೀ” ಎಂದರು. ಆ ಮಾತು ನನ್ನನ್ನು ಎಲ್ಲಿ ತಟ್ಟಿತೆಂಬುದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ಸೀಮೆಯಲ್ಲಿ ಸವೆತ ಹೆಚ್ಚೇಕೆ?

ಬಾಲ್ ಜಾಯಿಂಟಿನ ಆಯುಷ್ಯವನ್ನು ನಿರ್ಧರಿಸುವುದು ಅದರ ಮೇಲಿರುವ ರಬ್ಬರಿನ ಬೂಟು. ಅದು ಹರಿಯದಿರುವವರೆಗೆ ಒಳಗಿನ ಗ್ರೀಸು ಒಳಗೇ ಇರುತ್ತದೆ, ಹೊರಗಿನ ಮಣ್ಣು ಹೊರಗೇ ಇರುತ್ತದೆ. ಬಿಸಿಲಿಗೆ ರಬ್ಬರು ಸೀಳಿತೆಂದರೆ ಮಣ್ಣು ಒಳಸೇರಿ ಗ್ರೀಸಿನೊಂದಿಗೆ ಬೆರೆತು ಸಾಣೆ ಹಿಡಿಯುವ ಹಿಟ್ಟಾಗುತ್ತದೆ. ಸಂಡೂರು ಸೀಮೆಯ ಮಣ್ಣು ಸಾಮಾನ್ಯ ಮಣ್ಣಲ್ಲ. ಅದು ಕಬ್ಬಿಣದ ಅದಿರಿನ ಕೆಂಧೂಳು. ಹೆಮಟೈಟ್ ಅದಿರಿನ ಗಡಸುತನ ಮೋಸ್ ಮಾಪಕದಲ್ಲಿ ಸುಮಾರು ಐದೂವರೆಯಿಂದ ಆರೂವರೆಯಷ್ಟು. ಅಂದರೆ ಮೆದು ಉಕ್ಕನ್ನು ಅದು ಗೀರಬಲ್ಲದು. ತೋರಣಗಲ್ಲಿನಿಂದ ಸಂಡೂರಿನ ಕಡೆಗೆ ನಿತ್ಯ ಓಡಾಡುವ ವಾಹನದ ತಳವನ್ನು ಒಮ್ಮೆ ಕೈಯಿಂದ ಸವರಿದರೆ ಈ ಮಾತಿಗೆ ಬೇರೆ ಸಾಕ್ಷಿ ಬೇಡ.

2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸುವ ಮುನ್ನ, ಅದಿರಿನ ಲಾರಿಗಳ ಸಾಲು ನಮ್ಮ ರಸ್ತೆಗಳನ್ನು ಯಾವ ಸ್ಥಿತಿಗೆ ತಂದಿತ್ತು ಎಂಬುದನ್ನು ಹಿರಿಯ ಸದಸ್ಯರು ಮರೆತಿರಲಾರರು. ಆ ಕಾಲದಲ್ಲಿ ಓಡಿದ ಕಾರು, ಜೀಪುಗಳಲ್ಲಿ ಅನೇಕವು ಇಂದಿಗೂ ನಮ್ಮ ನಡುವೆ ಇವೆ. ಮುಂದೆ ಹಂತಹಂತವಾಗಿ ಗಣಿಗಳು ಮತ್ತೆ ತೆರೆದವು, ಹೆದ್ದಾರಿಗಳು ಅಗಲವಾದವು. ಆದರೆ ಹೆದ್ದಾರಿಯಿಂದ ಇಳಿದು ಗಣಿಯ ಊರಿಗೋ ಗದ್ದೆಯ ಬದುವಿಗೋ ಹೋಗುವ ದಾರಿಗಳಲ್ಲಿ ಗುಂಡಿಗಳಿಗೆ ಬರವಿಲ್ಲ. ಕಂಪ್ಲಿಯ ಕಡೆ ಧೂಳಿಗಿಂತ ನೀರಿನ ಕಾಟ ಹೆಚ್ಚು. ನಾಟಿಯ ದಿನಗಳಲ್ಲಿ ಟ್ರ್ಯಾಕ್ಟರುಗಳು ರಸ್ತೆಗೆ ತರುವ ಕೆಸರು, ಕಾಲುವೆಯ ನೀರು ಹರಿದ ರಸ್ತೆಯ ಅಂಚು ಇವೆಲ್ಲ ಹರಿದ ಬೂಟಿನೊಳಗೆ ನೀರು ತುಂಬಿ ಗುಂಡಿಗೆ ತುಕ್ಕು ಹಿಡಿಸುತ್ತವೆ.

ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಕ್ರಗಳು ಹಿಂದೆ ತಿರುಗುತ್ತಿದ್ದುವೆಂದೂ ಸವೆಯದಿರಲೆಂದು ಅವನ್ನು ಅಲುಗದಂತೆ ಮಾಡಿದರೆಂದೂ ಮಾರ್ಗದರ್ಶಿಗಳು ಪ್ರವಾಸಿಗರಿಗೆ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಪ್ರವಾಸಿಗರನ್ನು ಹೊಸಪೇಟೆಯಿಂದ ಹಂಪಿಗೆ ಕರೆದೊಯ್ಯುವ ನಮ್ಮ ವಾಹನಗಳ ಚಕ್ರಗಳಿಗೆ ಅಂಥ ವಿಶ್ರಾಂತಿಯಿಲ್ಲ. ತಿರುಗುವುದೆಲ್ಲ ಸವೆಯಲೇಬೇಕು. ಸವೆದದ್ದನ್ನು ಸಕಾಲದಲ್ಲಿ ಗುರುತಿಸುವುದಷ್ಟೇ ನಮ್ಮ ಕೈಯಲ್ಲಿರುವುದು.

ಕಾನೂನು ಹೇಳುವುದೇನು?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮವು ಸ್ಟಿಯರಿಂಗಿಗೆ ಸಂಬಂಧಿಸಿದ್ದು. ಸ್ಟಿಯರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚಿನ ಸಡಿಲ ಇರಕೂಡದು, ಬಾಲ್ ಜಾಯಿಂಟುಗಳಿಗೆ ರಬ್ಬರಿನ ಮುಚ್ಚಳ ಇರಬೇಕು, ಜೋಡಣೆಯ ಬೋಲ್ಟು ಅಥವಾ ಪಿನ್ನುಗಳು ಕಳಚದಂತೆ ಭದ್ರವಾಗಿ ಲಾಕ್ ಆಗಿರಬೇಕು ಎಂಬುದು ಅದರ ತಾತ್ಪರ್ಯ. ನಿಯಮ ಚಿಕ್ಕದು, ಸ್ಪಷ್ಟವಾಗಿದೆ. ಆದರೆ ಅದನ್ನು ನೋಡುವವರು ಯಾರು? ಬಾಡಿಗೆ ಹಾಗೂ ಸರಕು ವಾಹನಗಳಿಗೆ ಅರ್ಹತಾ ಪತ್ರದ ತಪಾಸಣೆ ಉಂಟು. ಎಂಟು ವರ್ಷ ದಾಟಿದ ಮೇಲೆ ಅದು ವರ್ಷಕ್ಕೊಮ್ಮೆ. ಸ್ವಂತದ ಕಾರಿಗಾದರೋ ಮೊದಲ ನೋಂದಣಿ ಹದಿನೈದು ವರ್ಷ ನಡೆಯುತ್ತದೆ, ಅನಂತರ ಐದೈದು ವರ್ಷಕ್ಕೆ ನವೀಕರಣ. ಅಂದರೆ ಒಂದು ಕಾರು ಹದಿನೈದು ವರ್ಷ ಓಡಿದರೂ ಅದರ ಸ್ಟಿಯರಿಂಗಿನ ಕೆಳಗೆ ಬಗ್ಗಿ ನೋಡುವ ಹೊಣೆ ಮಾಲೀಕನ ಹೊರತು ಬೇರಾರದೂ ಅಲ್ಲ.

ನವೀಕರಣದ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್ 1ರಿಂದ ಕಾರುಗಳಿಗೆ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿದಾಗ, 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ರೂಪಾಯಿ ಮಾಡಿದಾಗ ನಾವು ಸಹಜವಾಗಿಯೇ ಅಸಮಾಧಾನಗೊಂಡೆವು. ಆ ಶುಲ್ಕಕ್ಕೆ ಗೊಣಗುತ್ತಲೇ ಹಣ ಕಟ್ಟುವ ನಾವು, ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಯ ಬಾಲ್ ಜಾಯಿಂಟಿನಲ್ಲಿ ಕೆಲವು ನೂರು ರೂಪಾಯಿ ಉಳಿಸಲು ಹೋಗುವುದು ಯಾವ ಲೆಕ್ಕಾಚಾರ?

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಪರೀಕ್ಷೆಗೆ ಬೇಕಾದುದು ಇಬ್ಬರು ಮನುಷ್ಯರು, ಒಂದು ಟಾರ್ಚು, ಅರ್ಧ ಗಂಟೆ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳನ್ನು ನೇರವಾಗಿಟ್ಟು, ಚಕ್ರ ಕದಲದಂತೆ ಸ್ಟಿಯರಿಂಗನ್ನು ಬೆರಳುಗಳಿಂದ ಆಚೆಗೂ ಈಚೆಗೂ ಆಡಿಸಬೇಕು. 38 ಸೆಂಟಿಮೀಟರ್ ವ್ಯಾಸದ ಸ್ಟಿಯರಿಂಗಿನಲ್ಲಿ 30 ಡಿಗ್ರಿ ಎಂದರೆ ಅಂಚಿನ ಮೇಲೆ ಸುಮಾರು 10 ಸೆಂಟಿಮೀಟರ್. ಇದು ಕಾನೂನಿನ ಕಟ್ಟಕಡೆಯ ಮಿತಿಯೇ ಹೊರತು ಆರೋಗ್ಯದ ಲಕ್ಷಣವಲ್ಲ. ರ‍್ಯಾಕ್ ಮಾದರಿಯ ಸಣ್ಣ ಕಾರಿನಲ್ಲಿ ಅಂಚಿನ ಸಡಿಲ ಎರಡು ಮೂರು ಸೆಂಟಿಮೀಟರ್ ದಾಟಿತೆಂದರೆ ಕಾರಣ ಹುಡುಕಬೇಕು.

ಒಬ್ಬರು ಹೀಗೆ ಆಡಿಸುತ್ತಿರುವಾಗ ಇನ್ನೊಬ್ಬರು ಟೈ ರಾಡ್ ಎಂಡಿನ ಮೇಲೆ ಕೈಯಿಟ್ಟು ಗಮನಿಸಬೇಕು. ರಾಡು ಚಲಿಸಿದ ಮೇಲೆ ಚಕ್ರದ ತೋಳು ತಡವಾಗಿ ಚಲಿಸಿದರೆ, ಬೆರಳಿಗೆ ‘ಟಕ್’ ಎಂಬ ಅನುಭವವಾದರೆ ಜಾಯಿಂಟು ಮುಗಿದಂತೆ. ಅನಂತರ ಕಾರನ್ನು ಜಾಕಿನಿಂದ ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರವನ್ನು ಎಡಬಲಗಳಲ್ಲಿ ಹಿಡಿದು ಅಲುಗಿಸಬೇಕು. ಇಲ್ಲಿ ಸಡಿಲ ಕಂಡರೆ ಮೊದಲ ಅನುಮಾನ ಟೈ ರಾಡಿನ ಮೇಲೆ. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಚಕ್ರದ ಬೇರಿಂಗು ಅಥವಾ ಕೆಳತೋಳಿನ ಬಾಲ್ ಜಾಯಿಂಟಿನ ಮೇಲೆ. ರಬ್ಬರ್ ಬೂಟು ಹರಿದಿದ್ದರೆ ಸಡಿಲ ಇಲ್ಲದಿದ್ದರೂ ಅದು ಎಚ್ಚರಿಕೆಯ ಗಂಟೆ. ಟೈರಿನ ಒಂದೇ ಅಂಚು ಬೇಗನೆ ಸವೆಯುತ್ತಿದ್ದರೆ ಅದೂ ಒಂದು ಸೂಚನೆ.

ಬದಲಾಯಿಸುವ ಬಗೆ

ಟೈ ರಾಡ್ ಎಂಡನ್ನು ಬದಲಾಯಿಸುವುದು, ಸಾಧನಗಳಿದ್ದರೆ, ಸ್ಪ್ಯಾನರ್ ಹಿಡಿದು ಅಭ್ಯಾಸವಿರುವ ಯಾರಿಗೂ ಅಸಾಧ್ಯವಲ್ಲ. ಮೇಲಿನ ಪ್ರಸಂಗದ ನಂತರ ನಾನೂ ನಮ್ಮ ಫಿಟ್ಟರೂ ಸೇರಿ ಎರಡೂ ಬದಿಯವನ್ನು ಮನೆಯ ಅಂಗಳದಲ್ಲೇ ಬದಲಾಯಿಸಿದೆವು. ಒಂದು ಮಧ್ಯಾಹ್ನದ ಕೆಲಸ.

ಮೊದಲು ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು. ಮುಂದಿನ ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಅನಂತರ ಜಾಕ್ ಹಾಕಿ, ಕಾರಿನ ಭಾರವನ್ನು ಸ್ಟ್ಯಾಂಡಿನ ಮೇಲೆ ಬಿಡಬೇಕು. ಬರಿಯ ಜಾಕಿನ ಮೇಲೆ ಅಥವಾ ಇಟ್ಟಿಗೆಯ ರಾಶಿಯ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬಾರದು. ಇಟ್ಟಿಗೆ ಒಡೆಯುವ ಮುನ್ನ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಚಕ್ರ ತೆಗೆದ ಮೇಲೆ ಜಾಯಿಂಟಿನ ಕಿರೀಟದಾಕಾರದ ನಟ್ಟಿನಲ್ಲಿರುವ ಸ್ಪ್ಲಿಟ್ ಪಿನ್ನನ್ನು ಎಳೆದು ನಟ್ಟನ್ನು ಬಿಚ್ಚಬೇಕು. ಜಾಯಿಂಟಿನ ಕಡ್ಡಿ ಚಕ್ರದ ತೋಳಿನ ರಂಧ್ರದಲ್ಲಿ ಮೊನೆಚಾಗಿ ಬಿಗಿದು ಕೂತಿರುವುದರಿಂದ ಸುಲಭವಾಗಿ ಬರುವುದಿಲ್ಲ. ಅದಕ್ಕೆ ಬಾಲ್ ಜಾಯಿಂಟ್ ಪುಲ್ಲರ್ ಎಂಬ ಸಾಧನವೇ ಸರಿಯಾದ ಮಾರ್ಗ. ಕಡ್ಡಿಯ ತುದಿಗೆ ಸುತ್ತಿಗೆಯಿಂದ ಹೊಡೆಯುವುದು ನಮ್ಮಲ್ಲಿ ರೂಢಿ. ಅದರಿಂದ ಮರೆಯೂ ಕೆಡುತ್ತದೆ, ಪೆಟ್ಟು ಸ್ಟಿಯರಿಂಗ್ ರ‍್ಯಾಕಿಗೂ ತಗಲುತ್ತದೆ.

ರಾಡಿನ ಮೇಲಿರುವ ಲಾಕ್ ನಟ್ಟನ್ನು ಸಡಿಲಿಸಿ ಹಳೆಯ ಎಂಡನ್ನು ತಿರುಗಿಸಿ ಹೊರತೆಗೆಯುವಾಗ ಎಷ್ಟು ಸುತ್ತು ಬಂದಿತೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಹೊಸದನ್ನು ಅಷ್ಟೇ ಸುತ್ತು ಒಳಹೊಗಿಸಬೇಕು. ಕೆಲವು ವಾಹನಗಳಲ್ಲಿ ಒಂದು ಬದಿಯ ಮರೆ ಎಡಸುತ್ತಿನದಾಗಿರುತ್ತದೆಯಾದ್ದರಿಂದ ಬಲ ಹಾಕುವ ಮೊದಲು ನೋಡಬೇಕು. ಮೊನೆಚು ಕಡ್ಡಿಗೂ ರಂಧ್ರಕ್ಕೂ ಗ್ರೀಸು ಸವರಬಾರದು. ಅವು ಶುಚಿಯಾಗಿ ಒಣಗಿರಬೇಕು. ನಟ್ಟನ್ನು ಕಂಪನಿಯ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಪಿನ್ನಿನ ರಂಧ್ರ ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿದು ಹೊಂದಿಸಬೇಕೇ ಹೊರತು ಸಡಿಲಿಸಿ ಹೊಂದಿಸಬಾರದು. ಪಿನ್ನು ಹೊಸದೇ ಆಗಬೇಕು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಹಾಕುವುದು, ಪಿನ್ನಿನ ಬದಲು ತಂತಿಯನ್ನೋ ಮೊಳೆಯನ್ನೋ ತೂರಿಸುವುದು ಬೇಡ. ಪಿನ್ನಿನ ಬೆಲೆ ಒಂದು ಕಪ್ ಚಹಾದಷ್ಟೂ ಇಲ್ಲ.

ಕೊನೆಯ ಹೆಜ್ಜೆ ಮನೆಯಲ್ಲಿ ಆಗುವಂಥದ್ದಲ್ಲ. ಸುತ್ತು ಎಣಿಸಿ ಕೂರಿಸಿದ್ದು ಯಂತ್ರದ ಬಳಿಗೆ ನಿಧಾನವಾಗಿ ಓಡಿಸಿಕೊಂಡು ಹೋಗಲು ಸಾಕು, ಅಷ್ಟೇ. ಅದೇ ದಿನ ವ್ಹೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಒಂದು ಟೈರು ತಾನು ಸಾಗುವ ದಿಕ್ಕಿಗೆ ಒಂದು ಡಿಗ್ರಿ ಓರೆಯಾಗಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿದಂತಾಗುತ್ತದೆ. ಕೂಲಿಯಲ್ಲಿ ಉಳಿಸಿದ್ದನ್ನು ಟೈರಿನಲ್ಲಿ ಕಳೆದುಕೊಳ್ಳುವುದು ಹೀಗೆಯೇ.

ಯಾವುದಕ್ಕೆ ಕೈ ಹಾಕಬಾರದು?

ಸ್ಟಿಯರಿಂಗ್ ರ‍್ಯಾಕು, ಸ್ಟಿಯರಿಂಗ್ ಬಾಕ್ಸು, ಕಾಲಮ್ಮು, ಪವರ್ ಸ್ಟಿಯರಿಂಗ್, ಏರ್‌ಬ್ಯಾಗ್ ಇರುವ ಚಕ್ರ ಇವು ಮನೆಯ ಕೆಲಸವಲ್ಲ. ಬಾಡಿಗೆಗೆ ಓಡುವ ವಾಹನದ ಸ್ಟಿಯರಿಂಗನ್ನು ನುರಿತ ಮೆಕ್ಯಾನಿಕ್ ನೋಡುವುದೇ ಸರಿ. ಅದರಲ್ಲಿ ಕೂರುವವರು ನಮ್ಮನ್ನು ನಂಬಿ ಹಣ ಕೊಟ್ಟವರು. ಚಕ್ರದ ತೋಳಿನ ರಂಧ್ರವೇ ಸವೆದು ಅಗಲವಾಗಿದ್ದರೆ ಹೊಸ ಜಾಯಿಂಟು ಅಲ್ಲಿ ನಿಲ್ಲುವುದಿಲ್ಲ, ತೋಳನ್ನೇ ಬದಲಿಸಬೇಕು. ಸವೆದ ಜಾಯಿಂಟಿಗೆ ವೆಲ್ಡಿಂಗ್ ಮಾಡಿಸಿ, ಅಂಚನ್ನು ಬಡಿದು ‘ಟೈಟ್’ ಮಾಡಿಸುವ ಪರಿಪಾಠವನ್ನಂತೂ ಪೂರ್ಣವಾಗಿ ಕೈಬಿಡಬೇಕು. ವೆಲ್ಡಿಂಗಿನ ಶಾಖಕ್ಕೆ ಒಳಗಿನ ಬಟ್ಟಲು ಕರಗುತ್ತದೆ, ಉಕ್ಕಿನ ಹದ ಕೆಡುತ್ತದೆ. ಕೆಲವು ದಿನ ಸಡಿಲ ಕಾಣುವುದಿಲ್ಲ, ಆಮೇಲೆ ಒಮ್ಮೆಲೇ ಕಳಚುತ್ತದೆ.

ಈ ಲೇಖನ ನಮ್ಮ ಗ್ಯಾರೇಜುಗಳ ಅನ್ನಕ್ಕೆ ಕಲ್ಲು ಹಾಕುವುದಲ್ಲವೇ ಎಂದು ಕೆಲವರು ಕೇಳಬಹುದು. ನನ್ನ ಅನುಭವ ಬೇರೆ. ಒಮ್ಮೆ ಕಾರಿನ ಕೆಳಗೆ ಮಲಗಿ ತುಕ್ಕು ಹಿಡಿದ ನಟ್ಟನ್ನು ಬಿಚ್ಚಿದವನು ಅನಂತರ ಮೆಕ್ಯಾನಿಕ್ಕಿನ ಕೂಲಿಗೆ ಚೌಕಾಸಿ ಮಾಡುವುದಿಲ್ಲ. ಯಾವ ಕೆಲಸ ಸರಿಯಾಗಿ ಆಗಿದೆ, ಯಾವುದು ಆಗಿಲ್ಲ ಎಂದು ಗುರುತಿಸಬಲ್ಲ ಗಿರಾಕಿ ಒಳ್ಳೆಯ ಮೆಕ್ಯಾನಿಕ್ಕಿಗೆ ಲಾಭವೇ ಹೊರತು ನಷ್ಟವಲ್ಲ.

ಬಿಡಿಭಾಗದ ವ್ಯಾಪಾರಿಗಳಲ್ಲಿ ಒಂದು ಮಾತು

ಈಗ ನಮ್ಮವರೇ ಆದ ಬಿಡಿಭಾಗ ವರ್ತಕರ ಕಡೆಗೆ ತಿರುಗುತ್ತೇನೆ. ಹಳೆಯ ವಾಹನಗಳಿಗೆ ಕಂಪನಿಯ ಮುದ್ರೆಯ ಮಾಲು ಸಿಗುವುದು ಕಷ್ಟವೆಂಬುದು ನಿಜ. ಆದರೆ ಕಂಪನಿಯ ಡಬ್ಬಿಯಲ್ಲದ್ದೆಲ್ಲ ನಕಲಿಯಲ್ಲ. ಚೆನ್ನೈನ ರಾಣೆ ಸಂಸ್ಥೆಯಂತಹ ಸ್ಟಿಯರಿಂಗ್ ತಯಾರಕರು ಕಾರು ಕಂಪನಿಗಳಿಗೂ ಪೂರೈಸುತ್ತಾರೆ, ತಮ್ಮದೇ ಹೆಸರಿನಲ್ಲೂ ಮಾರುತ್ತಾರೆ. ಹೆಸರು, ವಿಳಾಸ, ತಯಾರಿಕೆಯ ವಿವರವಿರುವ ಮಾಲಿಗೂ ಅನಾಥ ಮಾಲಿಗೂ ಇರುವ ವ್ಯತ್ಯಾಸವನ್ನು ಗಿರಾಕಿಗೆ ತಿಳಿಸಿ ಹೇಳುವವರು ನೀವೇ.

ಬಿಲ್ಲಿಲ್ಲದ ಮಾಲಿಗೆ ಹಿಂದೆ ಹೇಳುತ್ತಿದ್ದ ನೆಪ ತೆರಿಗೆಯದು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಕಾರಿನ ಬಿಡಿಭಾಗಗಳ ಮೇಲೆ ಶೇಕಡ 28ರ ತೆರಿಗೆ ಬಿದ್ದಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡ 18ಕ್ಕೆ ಇಳಿದಿದೆ. ನೆಪ ಅಷ್ಟರಮಟ್ಟಿಗೆ ಸಣ್ಣದಾಗಿದೆ. ಇನ್ನೊಂದೆಡೆ ಹೊಣೆ ದೊಡ್ಡದಾಗಿದೆ. ಸುಳ್ಳು ಟ್ರೇಡ್‌ಮಾರ್ಕಿನ ಮಾಲು ಮಾರಿದರೆ ಟ್ರೇಡ್‌ಮಾರ್ಕ್ ಕಾಯಿದೆ, 1999ರ 104ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ಉಂಟು. 2020ರ ಜುಲೈನಿಂದ ಜಾರಿಗೆ ಬಂದಿರುವ ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ಮಾಲಿನ ತಯಾರಕ ಯಾರೆಂದು ತಿಳಿಯದಿದ್ದಲ್ಲಿ ಅದರಿಂದಾದ ಹಾನಿಯ ಹೊಣೆ ಮಾರಿದವನ ಹೆಗಲಿಗೇ ಬೀಳುತ್ತದೆ. ನಕಲಿ ಮಾಲಿನಿಂದ ಸಾವು ಸಂಭವಿಸಿದರೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಸೆರೆವಾಸಕ್ಕೆ ಅದರಲ್ಲಿ ಅವಕಾಶವಿದೆ. ಆದ್ದರಿಂದ ಬಿಲ್ಲು ಗಿರಾಕಿಗೆ ಮಾಡುವ ಉಪಕಾರವಲ್ಲ. ಮೇಲಿನವರಿಂದ ಪಡೆದ ಬಿಲ್ಲು, ಕೆಳಗಿನವರಿಗೆ ಕೊಟ್ಟ ಬಿಲ್ಲು ಇವೆರಡೂ ಕೂಡಿ ವರ್ತಕನಿಗೆ ರಕ್ಷೆಯಾಗುತ್ತವೆ.

ಒಂದು ಸಲಹೆ, ಒಂದು ತಪ್ಪೊಪ್ಪಿಗೆ

ಮನೆಯಲ್ಲಿ ಕೆಲಸ ಮಾಡುವವರಿಗೆ ದೊಡ್ಡ ತೊಡಕು ಸಾಧನಗಳದ್ದು. ಬಾಲ್ ಜಾಯಿಂಟ್ ಪುಲ್ಲರ್, ಟಾರ್ಕ್ ರೆಂಚು, ಒಂದು ಜೊತೆ ಸ್ಟ್ಯಾಂಡು ಇವನ್ನು ಐದು ವರ್ಷಕ್ಕೊಮ್ಮೆ ಬಳಸುವವನು ಕೊಳ್ಳಲಾರ. ಇಲ್ಲದಿದ್ದರೆ ಸುತ್ತಿಗೆಯನ್ನೂ ಇಟ್ಟಿಗೆಯನ್ನೂ ಹಿಡಿಯುತ್ತಾನೆ. ನಮ್ಮ ಸಂಸ್ಥೆ ಇಂಥ ಒಂದೆರಡು ಸೆಟ್ಟುಗಳನ್ನು ಖರೀದಿಸಿ ಠೇವಣಿಯ ಮೇಲೆ ಸದಸ್ಯರಿಗೆ ಎರವಲು ಕೊಡುವ ವ್ಯವಸ್ಥೆ ಮಾಡಲಿ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ, ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ಅರ್ಧ ದಿನದ ಸ್ಟಿಯರಿಂಗ್ ತಪಾಸಣೆ ಶಿಬಿರ ನಡೆಸಲಿ. ಸ್ಥಳೀಯ ಮೆಕ್ಯಾನಿಕ್ಕರಿಗೆ ಗೌರವಧನ ಕೊಟ್ಟು ಕರೆಯೋಣ. ಬಿಲ್ಲು ಸಹಿತ ಮಾಲು ಮಾರುವುದಾಗಿ ಒಪ್ಪುವ ಬಿಡಿಭಾಗ ವರ್ತಕರ ಪಟ್ಟಿಯನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸೋಣ. ಇದಕ್ಕೆ ತಗಲುವ ವೆಚ್ಚ ಒಂದು ಸನ್ಮಾನ ಸಮಾರಂಭದ ಶಾಮಿಯಾನಕ್ಕಿಂತ ಹೆಚ್ಚಾಗಲಾರದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಈ ಭಾಗದ ರೈತರೂ ಗಿರಣಿ ಮಾಲೀಕರೂ ಒಂದು ವಾರ ಹೇಗೆ ಉಸಿರು ಬಿಗಿಹಿಡಿದು ಕೂತಿದ್ದರೆಂಬುದು ಎಲ್ಲರಿಗೂ ನೆನಪಿದೆ. ಅಷ್ಟು ದೊಡ್ಡ ಅಣೆಕಟ್ಟಿನ ಗೇಟೊಂದು ಸರಪಳಿಯನ್ನು ನಂಬಿ ನಿಂತಿತ್ತು. ನಮ್ಮ ಕಾರೂ ಹೆಬ್ಬೆರಳಿಗಿಂತ ತುಸು ದಪ್ಪನೆಯ ಒಂದು ಗುಂಡನ್ನು ನಂಬಿ ಓಡುತ್ತಿದೆ.

ಇನ್ನು ಫಿಟ್ಟರಿನ ಆ ಮಾತು. ಅನೇಕ ವರ್ಷಗಳ ಹಿಂದೆ ಹೊರಗಿನ ವ್ಯಾಪಾರಿಯೊಬ್ಬರು ನನ್ನ ಘಟಕಕ್ಕೆ ಬಂದು, ಸಾಧಾರಣ ಎಂ.ಎಸ್. ಸರಳಿನಿಂದ ಬಾಲ್ ಜಾಯಿಂಟಿನ ಕಡ್ಡಿಗಳನ್ನು ಲೇತಿನಲ್ಲಿ ಕಡೆದುಕೊಡುವಿರಾ ಎಂದು ಕೇಳಿದ್ದರು. ನಾನು ಒಪ್ಪಲಿಲ್ಲ. ಅದನ್ನು ನನ್ನ ಸಜ್ಜನಿಕೆಯೆಂದು ಹೇಳಿಕೊಳ್ಳಲಾರೆ. ಅವರು ಹೇಳಿದ ದರ ನನಗೆ ಹೊಂದಲಿಲ್ಲ, ಅಷ್ಟೇ. ದರ ಹೊಂದಿದ್ದರೆ ನಾನೂ ಕಡೆದುಕೊಡುತ್ತಿದ್ದೆನೋ ಏನೋ. ನಾನು ಬಿಟ್ಟ ಕೆಲಸವನ್ನು ಬೇರೊಬ್ಬ ಸಣ್ಣ ತಯಾರಕ ಎಲ್ಲೋ ಒಪ್ಪಿಕೊಂಡಿರಬೇಕು. ಅಂಥದೇ ಒಂದು ಮಾಲು ಸುತ್ತಿ ಬಳಸಿ ನನ್ನ ಕಾರಿಗೇ ಬಂದು ಕೂತಿತ್ತು.

ಸಂಡೂರಿನ ಅದಿರು ತೋರಣಗಲ್ಲಿನ ಕುಲುಮೆಯಲ್ಲಿ ಉಕ್ಕಾಗುತ್ತದೆ. ನೆರೆಯ ಗಿಣಿಗೇರಿಯ ಕಾರ್ಖಾನೆಯಲ್ಲಿ ವಾಹನಗಳ ಬಿಡಿಭಾಗಕ್ಕೆ ಬೇಕಾದ ಉತ್ತಮ ದರ್ಜೆಯ ಉಕ್ಕು ತಯಾರಾಗಿ ದೇಶದ ನಾನಾ ಕಡೆಗೆ ಹೋಗುತ್ತದೆ. ಇಂಥ ಸೀಮೆಯಲ್ಲಿರುವ ನಾವು ವಿಳಾಸವಿಲ್ಲದ ಕಬ್ಬಿಣವನ್ನು ಅರ್ಧ ಬೆಲೆಗೆ ಕೊಂಡು ನಮ್ಮವರನ್ನು ಅದರ ಮೇಲೆ ಕೂರಿಸಬಾರದು. ಮುಂದಿನ ಭಾನುವಾರ ಸದಸ್ಯ ಬಾಂಧವರು ಅರ್ಧ ಗಂಟೆ ಬಿಡುವು ಮಾಡಿಕೊಂಡು ತಮ್ಮ ಕಾರಿನ ಸ್ಟಿಯರಿಂಗನ್ನು ಆಡಿಸಿ, ಟಾರ್ಚು ಹಿಡಿದು ಬಗ್ಗಿ ನೋಡಬೇಕೆಂದು ವಿನಂತಿಸಿಕೊಳ್ಳುತ್ತೇನೆ.